ಆಲದಮರದ ಸ್ಟಾಪ್

ಜನವರಿ 19, ಭಾನುವಾರ

ಗಿಟಾರನ್ನು ಇವತ್ತು ಚೀಲದಿಂದ ಹೊರಗೆ ತೆಗೆದೆ. ಅಪ್ಪನಿಗೆ ಸ್ಟ್ರೋಕ್ ಆದ ದಿನದಿಂದ ಅದು ಬೀರುವಿನ ಮೇಲೆ ಮಲಗಿತ್ತು. ತಂತಿಗೆ ತುಕ್ಕು ಹಿಡಿಯತೊಡಗಿದೆ. ಒಂದು ವರ್ಷ ಕಷ್ಟಪಟ್ಟು ಗಟ್ಟಿ ಮಾಡಿಕೊಂಡಿದ್ದ ಬೆರಳ ತುದಿಯ ಚರ್ಮ ಇಷ್ಟರಲ್ಲೇ ಸುಲಿದುಹೋಗಿ ಮೆತ್ತಗಾಗಿದೆ. ಈ ಲೋಕದಲ್ಲಿ ಬೇಡದ್ದು ಮಾತ್ರ ಗಟ್ಟಿಯಾಗಿ ಉಳಿಯುತ್ತದೆ.

ಬರೆಯದೆ ಬಿಟ್ಟದ್ದನ್ನು ಬರೆದುಬಿಡುತ್ತೇನೆ. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಅಪ್ಪ ಬಸ್ಸಿನ ಫುಟ್‌ಬೋರ್ಡ್ ಮೇಲೆ ನಿಂತು ಊರುಗಳ ಹೆಸರು ಕೂಗುತ್ತಿದ್ದವರು ಹಾಗೆಯೇ ಕುಸಿದರು. ಕನಕಪುರದಿಂದ ಚನ್ನಪಟ್ಟಣಕ್ಕೆ ಹೋಗುವ ಪ್ರೈವೇಟ್ ಬಸ್. ಮಾಲೀಕರು ಬೇರೆ, ಬೋರ್ಡಿನ ಮೇಲಿನ ಹೆಸರು ಬೇರೆ, ಆದರೆ ಆ ದಾರಿಯ ಜನಕ್ಕೆಲ್ಲ ಅದು ಕಂಡಕ್ಟರ್ ಚೆಲುವಯ್ಯನ ಗಾಡಿ. ಬಲಗೈ, ಬಲಗಾಲು ಬಿದ್ದುಹೋದವು. ಕಾಲು ಸ್ವಲ್ಪ ಸ್ವಲ್ಪವಾಗಿ ಬರುತ್ತಿದೆ. ಮಾತು ಬಂದಿಲ್ಲ. ಬಂದಿದೆ, ಆದರೆ ಬಂದಿರುವುದು ಒಂದೇ ಒಂದು.

"ಅಪ್ಪ, ನೀರು ಬೇಕಾ?" ಎಂದು ಕೇಳಿದರೆ ಅವರು ಹಣೆಯ ನರ ಉಬ್ಬಿಸಿ ಬಾಯಿ ತೆರೆದು, "ಕನಕ್ಪುರ, ಕ್ವಾರಿಗೇಟ್, ಆಲದಮರ, ಸಾತ್ನೂರ್, ಕಬ್ಬಾಳ್, ಮಾರಮ್ಮನ್‌ಗುಡಿ, ರೇಷ್ಮೆಫಾರಂ, ಚನ್ನಪಟ್ನಾ" ಎನ್ನುತ್ತಾರೆ. ಒಂದೇ ಉಸಿರಿನಲ್ಲಿ, ಹಳೆಯ ರಾಗದಲ್ಲೇ. ಊಟ ಬೇಕಾ? ಕನಕ್ಪುರ, ಕ್ವಾರಿಗೇಟ್. ನೋಯ್ತಿದೆಯಾ? ಕನಕ್ಪುರ, ಕ್ವಾರಿಗೇಟ್. ಶುರುವಾದರೆ ಚನ್ನಪಟ್ಟಣ ಮುಟ್ಟುವವರೆಗೆ ನಿಲ್ಲಿಸಲು ಅವರಿಂದ ಆಗುವುದಿಲ್ಲ. ಮುಗಿದ ಮೇಲೆ ಕಣ್ಣಲ್ಲಿ ನೀರು. ನೋಡುವುದಕ್ಕೆ ಬಂದ ನೆಂಟರಲ್ಲಿ ಅರ್ಧ ಜನ ನಗು ತಡೆದುಕೊಳ್ಳುತ್ತಾರೆ, ಅರ್ಧ ಜನ ಅಳು.

ಹೋಗಲಿ. ಸಿ ಮೇಜರ್ ಸ್ಕೇಲ್ ನುಡಿಸಿದೆ, ಸರಿಗಮದ ಹಾಗೆ ಎಂಟು ಸ್ವರ. ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ. ಸಂಜೆಯ ಬಿಸಿಲು ಕಿಟಕಿಯಿಂದ ಇಳಿದು ಗಿಟಾರಿನ ಹೊಟ್ಟೆಯ ಮೇಲೆ ಕೂತಿತ್ತು. ಅಷ್ಟು ಹೊತ್ತು ನಾನು ಯಾರ ಮಗಳೂ ಆಗಿರಲಿಲ್ಲ. ಅಷ್ಟು ಸಾಕಿತ್ತು.

ಜನವರಿ 23, ಗುರುವಾರ

ನಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿಗೆ ರಜೆ ಹಾಕಿ ಅಪ್ಪನನ್ನು ರಾಮನಗರಕ್ಕೆ ಕರೆದುಕೊಂಡು ಹೋಗಿದ್ದೆವು. ಅಪ್ಪನ ಬಸ್ಸಿನ ಡ್ರೈವರ್ ಜಯಕುಮಾರ್, ನಮ್ಮ ಜಯಣ್ಣ, ಯಾರದೋ ಕಾರು ಗೊತ್ತುಮಾಡಿ ಕಳಿಸಿದ್ದರು. ಮಾತಿನ ಥೆರಪಿ ಮಾಡುವ ಶ್ವೇತ ಮೇಡಂ ಅಪ್ಪನಿಗೆ ಚಿತ್ರಗಳನ್ನು ತೋರಿಸಿದರು. ಬಾಳೆಹಣ್ಣು. ಕನಕ್ಪುರ, ಕ್ವಾರಿಗೇಟ್. ಕುರ್ಚಿ. ಕನಕ್ಪುರ, ಕ್ವಾರಿಗೇಟ್.

ಮೇಡಂ ನಗಲಿಲ್ಲ, ಅದಕ್ಕೇ ಅವರು ನನಗೆ ಇಷ್ಟವಾದರು. "ಎಣಿಕೆ, ವಾರಗಳ ಹೆಸರು, ದಿನಾ ಹೇಳೋ ಶ್ಲೋಕ, ಇವೆಲ್ಲ ಸರಪಳಿ ಥರ. ಒಂದು ಕೊಂಡಿ ಎಳೆದ್ರೆ ಪೂರ್ತಿ ಬರುತ್ತೆ. ಇದು ಮಾತಲ್ಲ, ಮಾತಿನ ಅಭ್ಯಾಸ. ಆದ್ರೆ ಇದರಿಂದಾನೇ ದಾರಿ ಸಿಗಬಹುದು. ಸರಪಳಿ ಮಧ್ಯದಲ್ಲಿ ಅವರಾಗೇ ಒಂದ್ಸಲ ನಿಲ್ಲಬೇಕು. ನಿಂತು, ತಮ್ಮದು ಅಂತ ಒಂದು ಮಾತು ಹೇಳಬೇಕು. ಒಂದು ಬಂದ್ರೆ ಹಿಂದೆ ಇನ್ನೊಂದು ಬರುತ್ತೆ. ಮೊದಲ ಕೆಲವು ತಿಂಗಳು ತುಂಬಾ ಮುಖ್ಯ."

"ಬರ್ದೇ ಹೋದ್ರೆ?" ಎಂದು ಅಮ್ಮ ಕೇಳಿದಳು. ಮೇಡಂ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದರು.

ಕಾರಿನಲ್ಲಿ ಬರುವಾಗ ಅಪ್ಪ ನಿದ್ದೆಹೋದರು. ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಊರೂರ ಎಸ್ರೆಲ್ಲ ಏಳ್ತಾರೆ ಕಣವ್ವ. ನನ್ನೆಸ್ರು ಒಂದು ಬರಾಕಿಲ್ವಲ್ಲ. ಒಂದ್ಸಲ ಬೈರಿ ಅಂದ್ಬುಟ್ರೆ ಸಾಕಾಗಿತ್ತು" ಎಂದಳು. ಹೊರಗೆ ಬಂಡೆಗಳು ಮಧ್ಯಾಹ್ನದ ಬಿಸಿಲಿನಲ್ಲಿ ತೂಕಡಿಸುತ್ತಿದ್ದವು, ನನಗೂ ಹಾಗೇ ತೂಕಡಿಸಬೇಕೆನಿಸಿತು.

ಫೆಬ್ರವರಿ 2, ಭಾನುವಾರ

ಗಿಟಾರ್ ಕಲಿಸುವ ಶೋಯೆಬ್ ಸರ್ ಕ್ಲಾಸಿಗೆ ಮತ್ತೆ ಹೋದೆ. ಬಸ್‌ಸ್ಟ್ಯಾಂಡ್ ಹಿಂದಿನ ಬೇಕರಿಯ ಮಹಡಿ. ಕೆಳಗಿನ ಒಲೆಯ ಬಿಸಿ ನೆಲದಿಂದ ಪಾದಕ್ಕೆ ಏರುತ್ತದೆ, ಬನ್ನಿನ ವಾಸನೆ ಗಿಟಾರಿನ ಒಳಗೆಲ್ಲ ತುಂಬಿಕೊಳ್ಳುತ್ತದೆ. ಅಲ್ಲಿ ಕೂತರೆ ಹಸಿವೂ ನಿದ್ದೆಯೂ ಒಟ್ಟಿಗೆ ಬರುತ್ತವೆ.

ಏಪ್ರಿಲ್ 12ಕ್ಕೆ ಚನ್ನಪಟ್ಟಣದಲ್ಲಿ ಸಿದ್ಧಾರ್ಥನ ಅಕ್ಕನ ಆರತಕ್ಷತೆ. ಸಿದ್ಧಾರ್ಥ ನಮ್ಮ ಕ್ಲಾಸಿನಲ್ಲಿ ಕೀಬೋರ್ಡ್ ನುಡಿಸುವವನು. ಸರ್, ಅವನು, ನಾನು ಮೂವರೂ ಅಲ್ಲಿ ನುಡಿಸಬೇಕಂತೆ. ಸರ್ ಮಾಡಿದ ಒಂದು ಟ್ಯೂನಿನ ನಡುವೆ ನನಗೆ ಎಂಟು ಸುತ್ತು ಜಾಗ. ಸಿದ್ಧಾರ್ಥ ಅದೇ ಮೂರು ಕಾರ್ಡ್ ಎಂಬ ಸ್ವರಗೊಂಚಲುಗಳನ್ನು ಸುತ್ತಿ ಸುತ್ತಿ ಬಾರಿಸುತ್ತಾನೆ, ನಾನು ಅದರ ಮೇಲೆ ನನ್ನದೇ ಏನಾದರೂ ನುಡಿಸಬೇಕು. ಬರೆದುಕೊಂಡದ್ದಲ್ಲ, ಬಾಯಿಪಾಠ ಮಾಡಿದ್ದಲ್ಲ. ಸ್ಕೂಲಿನ ಸಂಗೀತದ ಮೇಡಂ ಇದನ್ನು ಮನೋಧರ್ಮ ಎನ್ನುತ್ತಿದ್ದರು. ಸರ್ ಇಂಪ್ರೊವೈಸ್ ಎನ್ನುತ್ತಾರೆ. ಹೆಸರು ಯಾವುದಾದರೇನು, ನನಗೆ ಬರುವುದಿಲ್ಲ.

ನುಡಿಸಿದೆ. ಸಿ ಯಿಂದ ಹೊರಟು ಮೇಲಿನ ಸಿ ಮುಟ್ಟಿದೆ, ವಾಪಸ್ ಬಂದೆ. ಮತ್ತೆ ಹೊರಟೆ.

"ಚೈತ್ರಾ, ಬೆರಳು ಚೆನ್ನಾಗಿದೆಯಮ್ಮ, ಒಂದೂ ತಪ್ಪಿಲ್ಲ" ಎಂದರು ಸರ್. "ಆದ್ರೆ ನೀನು ಏಣಿ ಹತ್ತೋದು, ಇಳಿಯೋದು ಮಾಡ್ತಾ ಇದೀಯ. ಅಟ್ಟದಲ್ಲಿ ಏನಿದೆ ಅಂತ ಒಂದ್ಸಲಾನೂ ನೋಡ್ಲಿಲ್ಲ. ಎಲ್ಲಾದ್ರೂ ನಿಲ್ಲು. ಯಾರಿಗಾದ್ರೂ ಏನಾದ್ರೂ ಹೇಳು."

ಯಾರಿಗೆ? ಏನನ್ನು? ಒಂದೂ ತಪ್ಪಿಲ್ಲ ಎಂದಮೇಲೆ ಬಿಟ್ಟುಬಿಡಬೇಕಪ್ಪ. ಸಿಟ್ಟಿನಲ್ಲಿ ಬಂದು ಇನ್ನೊಂದು ಗಂಟೆ ಸ್ಕೇಲ್ ನುಡಿಸಿದೆ.

ಫೆಬ್ರವರಿ 6, ಗುರುವಾರ

ಹೊಸ ತೊಂದರೆ. ನಾನು ಸ್ಕೇಲ್ ನುಡಿಸಿ ಒಂದು ಕ್ಷಣ ಬೆರಳಿಗೆ ಬಿಡುವು ಕೊಟ್ಟರೆ ಸಾಕು, ಅಪ್ಪ ಎಡಗೈಯಿಂದ ಮಂಚದ ಪಟ್ಟಿಯನ್ನು ದಬ್ ದಬ್ ಎಂದು ಬಡಿಯುತ್ತಾರೆ. ಮೊದಲು ಕೈ ತಗುಲಿತೇನೋ ಎಂದುಕೊಂಡೆ. ಇವತ್ತು ನಾಲ್ಕಾರು ಸಲ ಆಯಿತು.

"ಸದ್ದಿಗೆ ತಲೆ ನೋಯ್ತದೇನೋ, ನಿಲ್ಸು ಮಗ" ಎಂದಳು ಅಮ್ಮ. ನಿಲ್ಲಿಸಿದೆ. ಇನ್ನೂ ಜೋರಾಗಿ ಬಡಿದರು. ಗಿಟಾರನ್ನು ಚೀಲದಲ್ಲಿಟ್ಟೆ. ಆಗ ಮುಖವೆಲ್ಲ ಕೆಂಪಾಗಿ, ಕನಕ್ಪುರ, ಕ್ವಾರಿಗೇಟ್ ಶುರುವಾಯಿತು. ಚನ್ನಪಟ್ಟಣ ಬರುವಷ್ಟರಲ್ಲಿ ಅಳುತ್ತಿದ್ದರು.

ಇಡೀ ದಿನದಲ್ಲಿ ನನಗೆಂದು ಇರುವುದು ಒಂದು ಗಂಟೆ. ಅದೂ ಬೇಡವೆಂದರೆ ಹೇಗೆ? ಕಾಯಿಲೆಯವರ ಮೇಲೆ ಸಿಟ್ಟು ಮಾಡಬಾರದು, ಗೊತ್ತು. ಸಿಟ್ಟು ಬಂತು.

ಫೆಬ್ರವರಿ 7

ಮನೆಯ ಮಹಡಿಯ ಮೇಲೆ ಅಭ್ಯಾಸ ಮಾಡಿದೆ. ದಬ್ ದಬ್ ಅಲ್ಲಿಗೂ ಕೇಳಿಸುತ್ತದೆ.

ಫೆಬ್ರವರಿ 14, ಶುಕ್ರವಾರ

ಅಭ್ಯಾಸ ಇಲ್ಲ. ಲ್ಯಾಬಿನಲ್ಲಿ ಒಬ್ಬ ಅಜ್ಜಿಗೆ ನರ ಸಿಗಲೇ ಇಲ್ಲ. ಕಣ್ಣಿಗೆ ಕಾಣುವ ನರ ಸೂಜಿ ಕಂಡೊಡನೆ ಜಾರಿಕೊಳ್ಳುತ್ತದೆ. ಕಣ್ಣು ಮುಚ್ಚಿ ಬೆರಳಾಡಿಸಿದೆ, ಸಿಕ್ಕಿತು. "ಇರುವೆ ಕಚ್ದಂಗಾಯ್ತು ಅಷ್ಟೇಯ" ಎಂದರು ಅಜ್ಜಿ. ಗಿಟಾರಿನ ಮೇಲೆ ಈ ಬೆರಳುಗಳಿಗೆ ಏನಾಗುತ್ತದೋ ಕಾಣೆ.

ಫೆಬ್ರವರಿ 23, ಭಾನುವಾರ

ನನ್ನಂಥ ಪೆದ್ದಿ ಈ ತಾಲ್ಲೂಕಿನಲ್ಲೇ ಇರಲಾರಳು.

ಜಯಣ್ಣ ಬಂದಿದ್ದರು. ಎಂದಿನಂತೆ ಮಂಚದ ತುದಿಯಲ್ಲಿ ಕೂತು, "ಏನ್ಲಾ ಚೆಲುವ, ನೀನಿಲ್ದೆ ಗಾಡಿ ಮೂಗ್ಬಸವನಂಗೆ ಓಡಾಡ್ತೈತೆ ಕಣ್ಲಾ. ಹೊಸ ಹುಡ್ಗ ಬಂದವ್ನೆ, ಬಾಯೇ ಬುಡಾಕಿಲ್ಲ, ಮೊಬೈಲ್ ನೋಡ್ಕಂಡು ನಿಂತಿರ್ತಾನೆ" ಎನ್ನುತ್ತಿದ್ದರು. ಅಪ್ಪನ ಕಣ್ಣು ನಗುತ್ತಿತ್ತು. "ಅದೇನೋ ಬಾರಿಸ್ತೀಯಂತಲ್ಲ, ಬಾರ್ಸವ್ವ ಒಸಿ" ಎಂದು ನನ್ನನ್ನೂ ಕೂರಿಸಿದರು. ಒಂದು ಸ್ಕೇಲ್ ನುಡಿಸಿ ನಿಲ್ಲಿಸಿದೆ. ಅಪ್ಪ ದಬ್ ದಬ್ ಎಂದು ಬಡಿದರು.

ಜಯಣ್ಣನ ಎಡಗಾಲು ತಾನಾಗಿ ಮುಂದೆ ಹೋಗಿ ನೆಲವನ್ನು ಒತ್ತಿತು.

ಅವರೇ ತಮ್ಮ ಕಾಲನ್ನು ನೋಡಿಕೊಂಡರು. ಆಮೇಲೆ ಅಪ್ಪನನ್ನು. "ಅಯ್ಯೋ ಇವ್ನ! ರೈಟ್ ಕೊಡ್ತಾವ್ನೆ ಕಣವ್ವ!" ಎಂದರು. "ನೋಡು, ನನ್ ಕಾಲು ಕ್ಲಚ್ ಹುಡುಕ್ಕಂಡು ಹೋಗ್ಬುಡ್ತು!"

"ರೈಟಾ? ನಿಲ್ಲಿಸು ಅಂತ ಅಲ್ವಾ ಜಯಣ್ಣ?"

"ಏ, ಕಂಡಕ್ಟರ್ ಮಗ್ಳಾಗಿ ಇದೇನವ್ವ ನೀನು! ಒಂದೇಟು ಬಿದ್ರೆ ನಿಲ್ಸು. ಎರಡೇಟು ಬಿದ್ರೆ ಹೋಗು. ಮುಂದಕ್ಕೆ ಹೋಗು ಅಂತಾವ್ನೆ, ನೀನ್ಯಾಕೆ ಗಾಡಿ ಆಫ್ ಮಾಡ್ದೆ?"

ನಾನು ಆ ಬಸ್ಸಿನಲ್ಲೇ ಕಾಲೇಜಿಗೆ ಹೋಗಿ ಬಂದವಳು. ತಗಡಿನ ಮೇಲೆ ಬಿದ್ದಿದ್ದರೆ ಗೊತ್ತಾಗುತ್ತಿತ್ತು. ಮಂಚದ ಮೇಲೆ ಬಿದ್ದದ್ದರಿಂದ ಕಾಯಿಲೆ ಎಂದುಕೊಂಡೆ. ಇಷ್ಟು ದಿನ ಅವರು ಹೋಗು, ಹೋಗು ಎಂದು ಬಡಿದುಕೊಂಡದ್ದು, ನಾನು ಅವರನ್ನು ಬಿಟ್ಟು ಮಹಡಿ ಹತ್ತಿ ಕೂತದ್ದು. ಅಪ್ಪನ ಎಡಗೈ ಹಿಡಿದುಕೊಂಡು ಅತ್ತೆ. ಅಮ್ಮನೂ ಅತ್ತಳು. ಜಯಣ್ಣ, "ಅಳೋರು ಆಮೇಲೆ ಅಳಿ, ಮೊದ್ಲು ಗಾಡಿ ಎತ್ತವ್ವ" ಎಂದರು.

ಮಾರ್ಚ್ 1, ಶನಿವಾರ

ಈಗ ಸಂಜೆ ಲ್ಯಾಬಿನಿಂದ ಬಂದು ಕಾಲು ತೊಳೆದು ಅಪ್ಪನ ಮಂಚದ ಪಕ್ಕ ಕೂರುತ್ತೇನೆ. ಸ್ಕೇಲಿನ ಎಂಟು ಸ್ವರ, ಅಪ್ಪನ ದಾರಿಯಲ್ಲಿ ಎಂಟು ಹೆಸರು. ಮೊದಲ ಸ್ವರ ಸಿ, ಅದು ಕನಕಪುರ. ಮೂರನೆಯ ಇ, ಆಲದಮರ. ಜಿ ಕಬ್ಬಾಳು, ಅಲ್ಲಿ ನಿಂತರೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು, ಬೆಟ್ಟದ ಬುಡದಲ್ಲಿ ನಿಂತ ಹಾಗೆ. ಬಿ ರೇಷ್ಮೆಫಾರಂ, ಅಲ್ಲಿಗೆ ಬಂದವರಿಗೆ ಇಳಿಯುವ ಅವಸರ, ಚನ್ನಪಟ್ಟಣ ಕಾಣುತ್ತಿರುತ್ತದಲ್ಲ.

ಅಪ್ಪ ಒಂದೇಟು ಹಾಕುತ್ತಾರೆ, ನಿಲ್ಲುತ್ತೇನೆ. ಎರಡೇಟು, ಹೊರಡುತ್ತೇನೆ. ಒಮ್ಮೊಮ್ಮೆ ಎರಡು ಸ್ಟಾಪ್ ಬಿಟ್ಟು ಮೂರನೆಯದರಲ್ಲಿ ನಿಲ್ಲಿಸುತ್ತಾರೆ, ಒಮ್ಮೊಮ್ಮೆ ಹಿಂದಕ್ಕೆ ಕರೆಯುತ್ತಾರೆ. ಇದರಿಂದ ನನ್ನ ಅಭ್ಯಾಸ ಪೂರ್ತಿ ಕೆಟ್ಟಿದೆ. ಒಂದು ಸ್ಕೇಲನ್ನಾದರೂ ನೆಟ್ಟಗೆ ಮುಗಿಸಲು ಬಿಡುವುದಿಲ್ಲ ಈ ಮನುಷ್ಯ.

ಕೈಗೆ ನಿಲ್ಲಿಸಲು ಬರುತ್ತದೆ. ಬಾಯಿಗೆ ಬರುವುದಿಲ್ಲ. ಬಾಯಿ ತೆರೆದರೆ ಗಾಡಿ ಸೀದಾ ಚನ್ನಪಟ್ಟಣಕ್ಕೇ.

ಮಾರ್ಚ್ 9, ಭಾನುವಾರ

ರಂಜಾನ್ ಉಪವಾಸ ಶುರುವಾಗಿರುವುದರಿಂದ ಶೋಯೆಬ್ ಸರ್ ಕ್ಲಾಸು ಮಧ್ಯಾಹ್ನಕ್ಕೆ ಬದಲಾಗಿದೆ. ಕೆಳಗಿನಿಂದ ಬನ್ನಿನ ವಾಸನೆ ಬರುವಾಗ ಅವರು ಉಪವಾಸ ಕೂತು ಪಾಠ ಹೇಳುವುದನ್ನು ನೋಡಿದ ಮೇಲೆ ಕೆಳಗಿಳಿದು ಬನ್ನು ಕೊಳ್ಳಲು ನನಗೂ ಮನಸ್ಸಾಗುವುದಿಲ್ಲ.

ಎಂಟು ಸುತ್ತಿನಲ್ಲಿ ಇವತ್ತೂ ಸಿಕ್ಕಿಹಾಕಿಕೊಂಡೆ. ಅಭ್ಯಾಸ ಏಕೆ ಕೆಟ್ಟಿತು ಎಂದು ಹೇಳಬೇಕಾಗಿ ಬಂದು, ಅಪ್ಪನ ವಿಷಯ, ದಬ್ ದಬ್ ವಿಷಯ ಎಲ್ಲ ಹೇಳಿದೆ. ಸರ್ ಕಿಟಕಿಯಾಚೆಯ ಬಸ್‌ಸ್ಟ್ಯಾಂಡಿನ ಕಡೆ ಕೈ ತೋರಿಸಿದರು.

"ಅಲ್ಲಮ್ಮ, ನೀನ್ಯಾಕೆ ಯಾವಾಗ್ಲೂ ಬಸ್‌ಸ್ಟ್ಯಾಂಡಿಂದಾನೇ ಹೊರಡ್ತೀಯ? ದಾರೀಲಿ ಹತ್ತೋ ಜನ ಎಷ್ಟಿದಾರೆ. ಅವರೆಲ್ಲಾ ಎಲ್ಲಿ ಹೋಗ್ಬೇಕು?"

ದೊಡ್ಡ ಮಾತು. ಹೇಳುವುದು ಸುಲಭ, ಆದರೆ ಎಂಟು ಸುತ್ತು ತುಂಬಿಸಬೇಕಾದವಳು ನಾನು.

ಮಾರ್ಚ್ 16, ಭಾನುವಾರ

ಮಧ್ಯಾಹ್ನ ಊಟವಾದ ಮೇಲೆ ಗಿಟಾರ್ ಮಡಿಲಲ್ಲಿರುವಾಗಲೇ ಕಣ್ಣೆಳೆಯಿತು. ಕನಸಿನಲ್ಲಿ ಬಸ್ಸು. ಸೀಟುಗಳೆಲ್ಲ ಖಾಲಿ. ಕಿಟಕಿಗೆ ಆರು ಸರಳು, ನಾನು ಅವುಗಳ ಮೇಲೆ ಬೆರಳಾಡಿಸುತ್ತಿದ್ದೆ, ಸದ್ದು ಬರುತ್ತಿರಲಿಲ್ಲ, ಬದಲು ಗಾಳಿ ಬರುತ್ತಿತ್ತು. ಕಬ್ಬಾಳು ಬೆಟ್ಟ ಬಸ್ಸಿನ ಪಕ್ಕದಲ್ಲೇ ನಡೆದು ಬರುತ್ತಿತ್ತು, ಯಾರನ್ನೋ ಬೀಳ್ಕೊಡಲು ಬಂದ ಹಾಗೆ. ಅಪ್ಪ ಫುಟ್‌ಬೋರ್ಡ್ ಮೇಲೆ, ಬೆನ್ನು ನನ್ನ ಕಡೆ, ಅಂಗಿಯಲ್ಲೆಲ್ಲ ಗಾಳಿ.

ಊರು ಬರುತ್ತಿತ್ತು, ಹೋಗುತ್ತಿತ್ತು. ಪ್ರತಿ ಊರಿನಲ್ಲೂ ಯಾರೋ ಒಬ್ಬರು ಕೈ ಎತ್ತಿಕೊಂಡು ನಿಂತಿದ್ದರು. ಬಸ್ಸು ನಿಲ್ಲುತ್ತಿರಲಿಲ್ಲ. ಜಯಣ್ಣನಿಗೆ ಹೇಳೋಣವೆಂದು ಮುಂದೆ ಹೋದರೆ ಡ್ರೈವರ್ ಸೀಟಿನಲ್ಲಿ ಕೂತಿರುವವಳು ನಾನೇ. ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಹೆದರಿಕೆಯೇನೂ ಆಗಲಿಲ್ಲ. ಕೈ ಎತ್ತಿ ನಿಂತವರ ಮುಖ ನೋಡಬೇಕಿತ್ತು ಎನ್ನಿಸಿತು, ಅಷ್ಟರಲ್ಲಿ ಎಚ್ಚರವಾಯಿತು.

ಎದ್ದಾಗ ಅಪ್ಪ ನನ್ನನ್ನೇ ನೋಡುತ್ತಿದ್ದರು. ಏನನ್ನೋ ಗುನುಗುತ್ತಿದ್ದರು. ನಾನೂ ಅದನ್ನೇ ಗಿಟಾರಿನ ಮೇಲೆ ಹುಡುಕಿದೆ. ಅವರು ಬೇರೆ ಗುನುಗಿದರು, ಅದನ್ನೂ ಹುಡುಕಿದೆ. ಆಮೇಲೆ ನಾನು ಸ್ವಲ್ಪ ಬದಲಾಯಿಸಿ ಕೇಳಿದೆ, ಅವರು ಬದಲಾಯಿಸಿ ಉತ್ತರ ಕೊಟ್ಟರು. ಅಮ್ಮ ದೀಪ ಹಚ್ಚುವವರೆಗೂ ಹೀಗೇ ಹರಟೆ. ಇವತ್ತೂ ಸ್ಕೇಲ್ ಮುಗಿಯಲಿಲ್ಲ.

ಮಾರ್ಚ್ 22, ಶನಿವಾರ

ಕೆಟ್ಟ ದಿನ. ಅಪ್ಪನಿಗೆ ಏನೋ ಬೇಕಿತ್ತು. ನೀರಲ್ಲ, ಬಚ್ಚಲಲ್ಲ, ಫ್ಯಾನಲ್ಲ, ದಿಂಬಲ್ಲ. ಒಂದೊಂದಕ್ಕೂ ಕನಕಪುರದಿಂದ ಚನ್ನಪಟ್ಟಣ. ಕೊನೆಗೆ ಎಡಗೈಯಲ್ಲಿದ್ದ ಲೋಟವನ್ನು ಎಸೆದರು. ಗೋಡೆಗೆ ಬಡಿದು ಅಮ್ಮನ ಕಾಲಿನ ಮೇಲೆ ಬಿತ್ತು.

"ಸಾಕು ನಿಲ್ಸಿ ಅಪ್ಪ! ಯಾವಾಗ ನೋಡಿದ್ರೂ ಅದೇ ಅದೇ!" ಎಂದು ಕೂಗಿದೆ. ಪಕ್ಕದ ಮನೆಯವರಿಗೂ ಕೇಳಿರಬೇಕು.

ಅಪ್ಪ ಅದಾದ ಮೇಲೆ ಮತ್ತೆ ಶುರು ಮಾಡಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದರು.

ಮಾರ್ಚ್ 25

ಅಪ್ಪ ಬಡಿಯುತ್ತಿಲ್ಲ. ಕೂಗುತ್ತಲೂ ಇಲ್ಲ. ಏನು ಕೇಳಿದರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಶ್ವೇತ ಮೇಡಂ ಫೋನಿನಲ್ಲಿ, "ಸುಮ್ಮನಾಗೋಕೆ ಬಿಡಬೇಡಿ" ಎಂದರು.

ಮಾರ್ಚ್ 27

ಬೇಡ ಬೇಡವೆಂದರೂ ಕೂಗುತ್ತಿದ್ದ ಊರುಗಳ ಹೆಸರು ಇಲ್ಲದೆ ಮನೆ ಬಿಕೋ ಎನ್ನುತ್ತಿದೆ.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ. ಇವತ್ತು ರಂಜಾನ್. ಹಬ್ಬದ ಮರುದಿನ ಮಾಡುವ ಹೊಸತೊಡಕಿನ ಬಾಡೂಟ ಸೋಮವಾರ ಬೇಡವೆಂದು ನಾಳೆಗೆ ಹೋಗಿದೆ. ಶೋಯೆಬ್ ಸರ್ ಮನೆಯಿಂದ ಡಬ್ಬಿ ತುಂಬ ಶಾವಿಗೆ ಪಾಯಸ ಬಂತು, ನಮ್ಮ ಮನೆಯಿಂದ ಒಬ್ಬಟ್ಟು ಹೋಯಿತು.

ಸಂಜೆ ಜಯಣ್ಣ ಬಂದರು. ಅಪ್ಪ ಅವರ ಕಡೆಗೂ ತಿರುಗಲಿಲ್ಲ. ಜಯಣ್ಣ ತಲೆ ಕೆಡಿಸಿಕೊಳ್ಳದೆ ಪಾಯಸ ಕುಡಿಯುತ್ತ, ಅಪ್ಪನ ಬೆನ್ನಿಗೇ ಮಾತಾಡತೊಡಗಿದರು.

"ಚೈತ್ರವ್ವ, ಆಲದಮರದ ಸ್ಟಾಪ್ ನೋಡಿದ್ದೀಯಲ್ಲ? ಆ ಕಾಲದಾಗೆ ಅಲ್ಲಿ ಸ್ಟಾಪೇ ಇರ್ಲಿಲ್ಲ ಕಣವ್ವ. ಮರ ಐತೆ, ಮರದ್ ಕೆಳಗೆ ನರಪಿಳ್ಳೆ ಇಲ್ಲ. ಆದ್ರೂ ದಿನಾ ಬೆಳಿಗ್ಗೆ ಅಲ್ಲಿಗೆ ಬಂದ್ರೆ ಒಂದೇಟು! ನಾನು ಬ್ರೇಕ್ ಹಾಕ್ಲೇಬೇಕು. ಯಾಕ್ಲಾ ಅಂದ್ರೆ, ಒಸಿ ತಡಿ, ಅನ್ನೋನು. ಗಾಡಿ ತುಂಬ ಜನ ಬೈಯೋರು. ನೋಡುದ್ರೆ ಅಲ್ಲೆಲ್ಲೋ ದೂರ್ದಾಗೆ, ರೇಷ್ಮೆ ಬಿಚ್ಚೋ ಕೆಲಸಕ್ಕೆ ಹೋಗೋ ಒಂದು ಹುಡುಗಿ, ಬುತ್ತಿ ಹಿಡ್ಕಂಡು ಹೊಲದ ಬದೂನಾಗೆ ಓಡ್ಬತ್ತಾ ಇರೋದು."

"ಸುಮ್ಕಿರಣ್ಣೋ" ಎಂದು ಅಮ್ಮ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ಅವಳ ಕೆನ್ನೆ ಕೆಂಪಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಒಂದಿನಾನಾದ್ರೂ ಟೈಮಿಗೆ ಬಂದಿದ್ದಾಳಾ ಕೇಳು ನಿಮ್ಮವ್ವನ್ನ! ಹಿಂಗೆ ನಿಲ್ಸಿ ನಿಲ್ಸಿ ಬ್ಯಾರೇರೂ ಅಲ್ಲೇ ಬಂದು ಕಾಯಾಕೆ ಸುರು ಮಾಡುದ್ರು. ಸ್ಟಾಪ್ ಆಗೋಯ್ತು. ನಿಮ್ಮಪ್ಪ ಮಾಡಿದ ಸ್ಟಾಪು ಅದು."

ಗೋಡೆಯ ಕಡೆಯಿಂದ ಮೆಲ್ಲಗೆ ಸದ್ದಾಯಿತು. ದಬ್ ದಬ್.

ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲು ಬರುವುದಿಲ್ಲ. ಗಿಟಾರ್ ತರಲು ಎದ್ದವಳು ಪಾಯಸದ ಲೋಟ ಒದ್ದುಬಿಟ್ಟೆ.

ಏಪ್ರಿಲ್ 5, ಶನಿವಾರ

ರಿಹರ್ಸಲ್. ಎಂಟು ಸುತ್ತು ಹೇಗೋ ಮುಗಿಯಿತು. ಅಪ್ಪ ಮಧ್ಯಾಹ್ನ ಗುನುಗಿದ್ದ ಒಂದು ತುಂಡು ತಲೆಯಲ್ಲೇ ಸುತ್ತುತ್ತಿತ್ತು, ಅದಕ್ಕೇ ಏನೇನೋ ಹೇಳಿಕೊಳ್ಳುತ್ತ ಹೋದೆ. ಎರಡು ಕಡೆ ಏನೂ ನುಡಿಸದೆ ಸುಮ್ಮನೆ ಕೂತುಬಿಟ್ಟೆ, ಸಿದ್ಧಾರ್ಥ ಬೆಚ್ಚಿ ನನ್ನ ಕಡೆ ನೋಡಿದ. ಮುಗಿದ ಮೇಲೂ ಶೋಯೆಬ್ ಸರ್ ಕಣ್ಣು ಮುಚ್ಚಿಕೊಂಡೇ ಇದ್ದರು. ಒಂದು ತಿಂಗಳ ಉಪವಾಸದ ಸುಸ್ತು ಇನ್ನೂ ಇಳಿದಿಲ್ಲವೆಂದು ಕಾಣುತ್ತದೆ.

"ಮನೇಲಿ ಅಪ್ಪನಿಗೆ ನನ್ನ ಸಲಾಮ್ ಹೇಳು" ಎಂದರು ಹೊರಡುವಾಗ. ಅಪ್ಪನನ್ನು ಅವರು ನೋಡಿಯೇ ಇಲ್ಲ.

ಏಪ್ರಿಲ್ 11, ಶುಕ್ರವಾರ

ಅಕ್ಷರ ಸೊಟ್ಟಸೊಟ್ಟವಾಗಿ ಬರುತ್ತಿದೆ.

ಸಂಜೆ ಕರೆಂಟು ಹೋಗಿತ್ತು. ಸೆಕೆಯೆಂದು ಅಪ್ಪನನ್ನು ನಡೆಸಿಕೊಂಡು ಬಂದು ಹಿತ್ತಲ ಬಾಗಿಲ ಬಳಿಯ ಮಂಚದ ಮೇಲೆ ಕೂರಿಸಿದೆ. ಬೇವಿನ ಮರ ಹೂ ಬಿಟ್ಟಿದೆ, ಗಾಳಿ ಬಂದಾಗಲೆಲ್ಲ ಉದುರಿ ಅಪ್ಪನ ತಲೆಯ ಮೇಲೆ ಕೂರುತ್ತಿತ್ತು. ಬೆಳಕು ಅರಿಸಿನದ ನೀರಿನ ಬಣ್ಣ. ಅಮ್ಮ ಹಿತ್ತಲ ಕೊನೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

ನಾಳೆಗೆಂದು ಸ್ಕೇಲ್ ನುಡಿಸಲು ಕೂತೆ. ಯಾಕೋ ಕನಕಪುರದಿಂದ ಹೊರಡಬೇಕೆನಿಸಲಿಲ್ಲ. ಕಬ್ಬಾಳಿನಿಂದ ಶುರು ಮಾಡಿದೆ, ಕೆಳಗೆ ಸಾತನೂರಿಗೆ ಬಂದೆ, ಮತ್ತೆ ಮೇಲೆ ಹೋದೆ. ಅಪ್ಪ ಗುನುಗಿದರು, ನಾನು ಹೇಳಿದೆ, ಅವರು ಗುನುಗಿದರು. ತಿರುಗಿ ತಿರುಗಿ ಆಲದಮರಕ್ಕೆ ಬಂದೆ. ಆ ಸ್ವರ ಅಷ್ಟು ಚೆನ್ನಾಗಿ ಕೇಳಿಸುತ್ತಿತ್ತು, ಮುಂದೆ ಹೋಗಲು ಮನಸ್ಸಾಗದೆ ಬೆರಳನ್ನು ಅಲ್ಲೇ ಬಿಟ್ಟೆ. ತಂತಿ ಮೆಲ್ಲಗೆ ಸುಮ್ಮನಾಯಿತು.

ಅಪ್ಪ ಬಾಯಿ ತೆರೆದರು. "ಕನಕ್ಪುರ, ಕ್ವಾರಿಗೇಟ್, ಆಲದಮರ..."

ನಾನು ಸಾತನೂರಿಗೆ ಕಾದೆ. ಸಾತನೂರು ಬರಲಿಲ್ಲ.

ಅವರ ಎಡಗೈ ಮಂಚದ ಪಟ್ಟಿಯ ಮೇಲೆ ಬಿತ್ತು. ಒಂದೇ ಏಟು. ತುಟಿ ನಡುಗಿತು, ಅವರು ಹಿತ್ತಲ ಕಡೆ ನೋಡುತ್ತಿದ್ದರು. ಅಮ್ಮ ಬಟ್ಟೆಯ ಹೊರೆಯನ್ನು ಎದೆಗೆ ಅವುಚಿಕೊಂಡು ಬೇಗ ಬೇಗ ಬರುತ್ತಿದ್ದಳು.

"ತ... ತಡಿ" ಎಂದರು ಅಪ್ಪ. "ಒಸಿ ತಡಿ. ಬೈರಿ ಬತ್ತಾವ್ಳೆ."

ಅಮ್ಮ ಇದ್ದಲ್ಲೇ ನಿಂತಳು. ಬಟ್ಟೆಗಳೆಲ್ಲ ಕೆಳಗೆ ಬಿದ್ದವು. ನಾನು ಉಸಿರು ಬಿಡಲಿಲ್ಲ, ಬಿಟ್ಟರೆ ಗಾಡಿ ಹೊರಟುಬಿಡುತ್ತದೇನೋ ಎಂಬ ಭಯ. ಅಪ್ಪ ಕಾದರು. ಇಡೀ ಬಸ್ಸು ಬೈದರೂ ಕಾಯುವವರ ಹಾಗೆ ಕಾದರು. ಅಮ್ಮ ಬಿದ್ದ ಬಟ್ಟೆಗಳನ್ನು ದಾಟಿಕೊಂಡು ಓಡಿ ಬಂದು ಮಂಚದ ಮೇಲೆ ಅವರ ಪಕ್ಕ ಕೂತಳು, ಏದುಸಿರು ಬಿಡುತ್ತ, ಸೆರಗು ಸರಿಮಾಡಿಕೊಳ್ಳುತ್ತ.

"ಬಂದೆ ಕಣ್ರೀ" ಎಂದಳು.

ಅಪ್ಪ ಅವಳು ಸರಿಯಾಗಿ ಕೂತಳೇ ಎಂದು ನೋಡಿದರು. ಆಮೇಲೆ ಎರಡೇಟು ಹಾಕಿದರು. ನಾನು ಹೊರಟೆ. ಎಲ್ಲೆಲ್ಲಿ ಹೋದೆನೋ ನೆನಪಿಲ್ಲ. ಕರೆಂಟು ಬಂದಾಗ ಇಬ್ಬರೂ ಹಾಗೇ ಕೂತಿದ್ದರು, ಅಮ್ಮನ ತಲೆಯ ಮೇಲೂ ಬೇವಿನ ಹೂ.

ನಾಳೆ ಕಾರ್ಯಕ್ರಮ. ಇವತ್ತು ಸ್ಕೇಲ್ ಅಭ್ಯಾಸ ಆಗಲೇ ಇಲ್ಲ.